ಪೇಜಿನ ಮೇಲೆ ಊರ ಹೆಸರು

ರಾತ್ರಿ ಹನ್ನೊಂದೂವರೆಗೆ ದಿಂಬಿನ ಕೆಳಗಿನಿಂದ ಸಣ್ಣದೊಂದು ಸದ್ದು ಬಂತು. ಸ್ಟೀಲ್ ಲೋಟಕ್ಕೆ ಉಗುರು ತಗುಲಿದಷ್ಟೇ ಸದ್ದು. ಮನೆಯಲ್ಲಿ ಬೇರೆ ಯಾರಿಗೂ ಎಚ್ಚರವಾಗಲಿಲ್ಲ. ಶುಭಾಂಗಿ ಮಾತ್ರ ಎದ್ದು ಕೂತಳು.

ಚಿಕ್ಕೋಡಿಯಲ್ಲಿ ಬಿ.ಕಾಂ. ಮುಗಿಸಿ, ನಿಪ್ಪಾಣಿಯ ಕಂಪ್ಯೂಟರ್ ಕ್ಲಾಸೊಂದರಲ್ಲಿ ನಾಲ್ಕು ವರ್ಷ ಕಲಿಸಿ, ಹೋದ ವರ್ಷ, ಅಂದರೆ ಎರಡು ಸಾವಿರದ ಹದಿನಾರರಲ್ಲಿ, ಅವಳು ಸ್ವಂತದ ಕೆಲಸ ಹಚ್ಚಿಕೊಂಡಿದ್ದಳು. ಸಣ್ಣ ಅಂಗಡಿಯವರಿಗೆ ಫೇಸ್‌ಬುಕ್ ಪೇಜು ತೆರೆದುಕೊಡುವುದು, ಫೋನಿನಲ್ಲಿ ಚೆಂದದ ಫೋಟೋ ತೆಗೆಯಲು ಕಲಿಸುವುದು, ಗಿರಾಕಿಗಳು ಬರೆದದ್ದಕ್ಕೆ ಅವರ ಪರವಾಗಿ ಉತ್ತರ ಕೊಡುವುದು. ಉಗಾರದ ಖಲೀಲಭಾಯಿಯ ಬೇಕರಿ, ಚಿಕ್ಕೋಡಿಯ ಸಕ್ಕುಬಾಯಿಯ ಖಾನಾವಳಿ, ರಾಯಬಾಗದ ಒಂದು ಟೆಂಟ್ ಹೌಸು ಎಲ್ಲ ಸೇರಿ ಹನ್ನೊಂದು ಪೇಜುಗಳು ಅವಳ ಒಂದೇ ಫೋನಿನಲ್ಲಿದ್ದವು. "ಇದೆಂಥಾ ಕೆಲಸಾ ಬೇ, ಹನ್ನೊಂದ ಮನಿ ಬಾಗಲಾ ಕಾಯೂದು!" ಎಂದು ಅಪ್ಪ ಚೇಷ್ಟೆ ಮಾಡುತ್ತಿದ್ದರು. ಅವರು ಹೇಳಿದ್ದು ಸುಳ್ಳೇನಲ್ಲ.

ಆ ರಾತ್ರಿ ತಟ್ಟಿದ್ದು ಅಥಣಿಯ ಬಾಗಿಲು. ಅದು ಭರಮು ಮತ್ತು ಗೌರಾಬಾಯಿ ದಂಪತಿಯ ಚಪ್ಪಲಿ ಪೇಜು. ಭರಮು ತೊಗಲು ಕೊಯ್ದು ಹೊಲಿಯುವವರು, ಗೌರಾಬಾಯಿ ಮೇಲಿನ ಹೆಣಿಕೆ ಹೆಣೆಯುವವರು. ಮೂರು ತಲೆಮಾರಿನಿಂದ ಅದೇ ಓಣಿಯಲ್ಲಿ ಅದೇ ಕೆಲಸ. ಪೇಜಿಗೆ ಶುಭಾಂಗಿ ಇಟ್ಟ ಹೆಸರು 'ಒರಿಜಿನಲ್ ಕೊಲ್ಹಾಪುರಿ ಚಪ್ಪಲ್'. ಅದನ್ನು ತೆರೆದ ದಿನ ಭರಮು ಫೋನಿನೊಳಗೆ ಇಣುಕಿ ಕೇಳಿದ್ದರು, "ಅಥಣಿ ಅಂತ ಎಲ್ಲಿ ಬರತೈತಿ ತಂಗಿ?"

"ಮಂದಿ ಹುಡುಕೂದು ಕೊಲ್ಹಾಪುರಿ ಅಂತ, ಕಾಕಾ. ಅಥಣಿ ಅಂದ್ರ ಪುಣೆ, ಮುಂಬೈದವರಿಗೆ ಗೊತ್ತಾಗಂಗಿಲ್ಲ," ಎಂದು ಶುಭಾಂಗಿ ತಿಳಿಸಿ ಹೇಳಿದ್ದಳು. ಭರಮು ಕೈಯಲ್ಲಿದ್ದ ತೊಗಲಿನ ತುಂಡನ್ನು ಮಡಚಿಕೊಂಡು ಒಳಗೆ ಹೋಗಿದ್ದರು.

ಈಗ ಪುಣೆಯಿಂದ ಸುರಜ ಎಂಬುವನು ಚಪ್ಪಲಿಯ ಫೋಟೋದ ಕೆಳಗೆ ಮರಾಠಿಯಲ್ಲಿ ಬರೆದಿದ್ದ: 'ಕೊಲ್ಹಾಪುರಿ ಅಂತ ತರಿಸಿದೆ. ಪಾರ್ಸೆಲ್ ಮೇಲೆ ನೋಡಿದರೆ ಅಥಣಿ, ಕರ್ನಾಟಕ. ಡುಪ್ಲಿಕೇಟ್ ಮಾಲು. ಕಳ್ಳರು. ಯಾರೂ ತಗೋಬೇಡಿ.' ಆಗಲೇ ಐದಾರು ಜನ ಅದಕ್ಕೆ ನಗುವ ಮುಖ ಅಂಟಿಸಿದ್ದರು.

ಶುಭಾಂಗಿ ಅದನ್ನು ಮತ್ತೊಮ್ಮೆ ಓದಿದಳು. ಕಳ್ಳರು ಎಂಬ ಮಾತು ಬಿದ್ದದ್ದು ಭರಮು ಕಾಕಾನ ಮನೆಯ ಮೇಲೆ, ಬೀಳುವಂತೆ ಮಾಡಿದ್ದು ಅವಳೇ. ಊರ ಹೆಸರನ್ನು ಬಚ್ಚಿಟ್ಟವಳು ಅವಳಲ್ಲದೆ ಇನ್ನಾರು? ಬೈದು ಬರೆದದ್ದನ್ನು ಎಂದೂ ಅಳಿಸಬೇಡಿ ಎಂದು ಅಂಗಡಿಯವರ ಪ್ರತಿ ತರಗತಿಯಲ್ಲಿ ಹೇಳಿಕೊಡುತ್ತಿದ್ದವಳು ಅಂದು ಕತ್ತಲಲ್ಲಿ ಹೆಬ್ಬೆರಳು ಒತ್ತಿ ಅದನ್ನು ಅಳಿಸಿಬಿಟ್ಟಳು.

ಇಪ್ಪತ್ತು ನಿಮಿಷಕ್ಕೆ ಅದು ಮರಳಿ ಬಂತು. ಈ ಸಲ ಪೇಜಿನ ಹೆಸರು ಹಾಕಿದ ಬೇರೆಯೇ ಪೋಸ್ಟಾಗಿ, ಅಳಿಸಿದ್ದರ ಫೋಟೋ ಸಮೇತ ಬಂತು. 'ನೋಡಿ, ಅಳಿಸಿದ್ದಾರೆ. ಕಳ್ಳರಲ್ಲದಿದ್ದರೆ ಯಾಕೆ ಅಳಿಸಬೇಕು?' ಬೆಳಗಿನ ಜಾವಕ್ಕೆ ಅದನ್ನು ನಲವತ್ತು ಜನ ಹಂಚಿಕೊಂಡಿದ್ದರು.

ಚಿಕ್ಕೋಡಿಯಿಂದ ಆರೂವರೆಯ ಅಥಣಿ ಬಸ್ಸಿಗೆ ಅವಳು ಹತ್ತಿದಳು. ಇಂಥ ವಿಷಯವನ್ನು ಫೋನಿನಲ್ಲಿ ಹೇಳಲು ಧೈರ್ಯವಾಗಲಿಲ್ಲ, ಎದುರಿಗೆ ಕೂತೇ ಹೇಳಬೇಕು. ರಾಯಬಾಗ ದಾಟುವಷ್ಟರಲ್ಲಿ ಮರಾಠಿಯಲ್ಲಿ ಮೂರು ಉತ್ತರ ಬರೆದು ಮೂರನ್ನೂ ಹೊಡೆದುಹಾಕಿದ್ದಳು. ನಾಲ್ಕನೆಯದು ಸ್ವಲ್ಪ ಪರವಾಗಿಲ್ಲ ಅನ್ನಿಸಿತು: 'ಮಾನ್ಯರೇ, ತಮಗಾದ ತೊಂದರೆಗೆ ವಿಷಾದಿಸುತ್ತೇವೆ...' ಅಷ್ಟರಲ್ಲಿ ಫೋನಿನ ಮೇಲುತುದಿಯಲ್ಲಿ ಒಂದು ಸಾಲು ಕಾಣಿಸಿತು. 'ಒರಿಜಿನಲ್ ಕೊಲ್ಹಾಪುರಿ ಚಪ್ಪಲ್' ಈಗ ಲೈವ್‌ನಲ್ಲಿದೆ.

ಲೈವ್ ಮಾಡುವುದನ್ನು ಅವಳೇ ಹೋದ ವಾರ ಗೌರಾಬಾಯಿಗೂ ಸೊಸೆ ನೀಲಮಳಿಗೂ ಕಲಿಸಿ ಬಂದಿದ್ದಳು. ಮೊದಲು ತನ್ನನ್ನೊಂದು ಮಾತು ಕೇಳಬೇಕು ಎಂದೂ ಹೇಳಿದ್ದಳು.

ಆ ಸಾಲನ್ನು ಒತ್ತಿದಳು. ಮೊದಲು ಅರ್ಧ ಹಂಚು, ಅರ್ಧ ಗೌರಾಬಾಯಿಯ ಹಣೆ ಕಂಡಿತು. ನೀಲಮಳ ಕೈ ಬಂದು ಫೋನನ್ನು ಸರಿಮಾಡಿತು. ಗೌರಾಬಾಯಿ ಕಟ್ಟೆಯ ಮೇಲೆ, ತೊಗಲಿನ ರಾಶಿಯ ನಡುವೆ ತಲೆ ತುಂಬ ಸೆರಗು ಹೊದ್ದು ಕೂತಿದ್ದರು. ಪಕ್ಕದಲ್ಲಿ ಭರಮು ನ್ಯಾಯಕಟ್ಟೆಗೆ ಬಂದವರ ಹಾಗೆ ಬಿಗಿಯಾಗಿ ಕೂತಿದ್ದರು. ಗೌರಾಬಾಯಿ ಮರಾಠಿಯಲ್ಲೇ ಶುರು ಮಾಡಿದರು.

"ಕೇಳಸತೈತೇನು? ಸುರಜ ಅಂತಲ್ಲ ನಿನ್ನ ಹೆಸರಾ? ನಮ್ಮ ಸೊಸಿ ಮುಂಜಾನೆ ಓದಿ ಹೇಳಿದ್ಲು. ತಮ್ಮಾ, ಮದಲ ಇದಿಷ್ಟ ಹೇಳು, ಚಪ್ಪಲಿ ಎಲ್ಲ್ಯರ ಕಚ್ಚತೈತೇನು? ಕಚ್ಚಿದ್ರ ಕೊಬ್ಬರಿ ಎಣ್ಣಿ ಹಚ್ಚು, ಎರಡ ದಿನದಾಗ ಮೆತ್ತಗ ಆಕ್ಕೈತಿ."

ಶುಭಾಂಗಿ ನೀಲಮಳ ನಂಬರು ತೆಗೆದಳು. ಕರೆ ಹೋದರೆ ಸಾಕು, ಲೈವ್ ಕಡಿದುಹೋಗುತ್ತದೆ. ಗೌರಾಬಾಯಿ ಮಾವಶಿ ಸಿಟ್ಟಿನಲ್ಲಿ ಒಂದು ಮಾತು ಜಾರಿದರೂ ಮೂರು ತಲೆಮಾರಿನ ಹೆಸರು ಹೋಯಿತು. ಹೆಬ್ಬೆರಳು ಆ ಹಸಿರು ಗುಂಡಿಯ ಮೇಲೆ ನಿಂತಿತು.

"ನೀ ಹೇಳಿದ್ದ ಖರೇ ಐತಿ," ಗೌರಾಬಾಯಿ ಮುಂದುವರಿಸಿದ್ದರು. "ಅದು ಅಥಣ್ಯಾಗ ಆಗಿದ್ದು, ಇದ ಕಟ್ಟಿ ಮ್ಯಾಲೆ. ನಮ್ಮ ಮಾವನವರು ಇಂಥಾ ಜೋಡ ಗಂಟ ಕಟ್ಕೊಂಡ ಕೊಲ್ಹಾಪುರದ ಪ್ಯಾಟಿಗೆ ಹೋಗತಿದ್ರು. ಅಲ್ಲಿ ಮಾರಿದ್ರ ಒರಿಜಿನಲ್, ಇಲ್ಲಿ ಮಾರಿದ್ರ ಡುಪ್ಲಿಕೇಟ? ಹೊಳಿ ದಾಟೂದರಾಗ ತೊಗಲಾ ಬದಲಾಕ್ಕೈತೇನಪಾ?"

ಹೆಬ್ಬೆರಳು ಹಿಂದೆ ಸರಿಯಿತು.

ಮುಂದೆ ಕಬ್ಬಿನ ಟ್ರ್ಯಾಕ್ಟರು ಎರಡೆರಡು ಟ್ರೇಲರ್ ಎಳೆದುಕೊಂಡು ತೆವಳುತ್ತಿತ್ತು, ಬಸ್ಸು ಅದರ ಬೆನ್ನು ಹತ್ತಿತ್ತು. ಹಿಂದಿನ ಸೀಟಿನಿಂದ ರುಮಾಲು ಸುತ್ತಿದ ಹಿರಿಯರೊಬ್ಬರು ಕತ್ತು ಚಾಚಿದರು. "ಜೋರ ಮಾಡ್ರಿ ಬಾಯಾರ, ಕೇಳಸವಲ್ದು. ಯಾರ ಅದಾರು, ನಮ್ಮ ಕಡೆಯವರೇನು?"

"ಹೌದ್ರಿ. ಅಥಣಿಯವರು," ಎಂದಳು ಶುಭಾಂಗಿ. ತನ್ನ ದನಿ ಇಷ್ಟು ದೊಡ್ಡದಾಗಿ ಬಂದದ್ದು ಅವಳಿಗೇ ಹೊಸದು.

"ಇನ್ನೊಂದ ಮಾತು," ಗೌರಾಬಾಯಿ ಅಂದರು. "ಪೇಜಿನ ಮ್ಯಾಲೆ ನಾವು ಅಥಣಿ ಅಂತ ಬರೀಬೇಕಾಗಿತ್ತು. ಬರೀಲಿಲ್ಲ. ಅದು ನಮ್ಮದ ತಪ್ಪು. ಬ್ಯಾರೆ ಯಾರದೂ ಅಲ್ಲ. ಬೇಕಾದ್ರ ಚಪ್ಪಲಿ ವಾಪಸ್ ಕಳಸು, ನಾ ತಗೋತೇನಿ. ಆದ್ರ ಕಳ್ಳರು ಅನಬ್ಯಾಡ. ಈಗ ನೋಡು." ಅವರು ಸೂಜಿಯಷ್ಟು ಸಪೂರ ಸೀಳಿದ ತೊಗಲಿನ ಎಳೆಗಳನ್ನು ಕೈಗೆ ತಗೊಂಡು ಹೆಣೆಯತೊಡಗಿದರು. ಬೆರಳು ಯಾವುದು, ಎಳೆ ಯಾವುದು ತಿಳಿಯದಷ್ಟು ಚುರುಕು. ಹೆಣೆಯುತ್ತಲೇ ಓರೆಗಣ್ಣಿನಿಂದ ಗಂಡನನ್ನು ನೋಡಿ, ದನಿ ತಗ್ಗಿಸಿ ಕನ್ನಡದಲ್ಲಿ ಗದರಿದರು: "ಅಯ್ಯ ನಿಮ್ಮ, ಮೀಸಿಗೆ ಚಹಾದ ಕೆನಿ ಹತ್ತೇತಿ, ಒರಸ್ಕೋರಿ! ಊರ ಮಂದಿ ನೋಡಾಕತ್ತೇತಿ."

ಭರಮು ಗಡಬಡಿಸಿ ಒರೆಸಿಕೊಂಡರು. ಬಸ್ಸಿನಲ್ಲಿ ನಗೆ ಎದ್ದಿತು. ಅದೇ ಕ್ಷಣ ಕೆಳಗೆ ಒಂದು ಸಾಲು ಮೂಡಿತು. ಸುರಜನದು, ಮರಾಠಿಯಲ್ಲಿ: 'ಎಡಗಡೆ ಇನ್ನೂ ಇದೆ.'

ಶುಭಾಂಗಿ ಅದನ್ನು ಎರಡು ಸಲ ಓದಿದಳು. ಮಾವಶಿ ಗದರಿದ್ದು ಕನ್ನಡದಲ್ಲಿ. ಇವನಿಗೆ ಹೇಗೆ ತಿಳಿಯಿತು? ಕೇಳಬೇಕೆಂದರೆ ಯಾರನ್ನು ಕೇಳುವುದು? ಉಳಿದವರೆಲ್ಲ ಹೆಣಿಕೆ ನೋಡುತ್ತಿದ್ದರು. ಹದಿನಾಲ್ಕು ಇದ್ದ ನೋಡುಗರು ಇನ್ನೂರು ದಾಟಿದ್ದರು. 'ಆಜಿ, ನನಗೂ ಒಂದು ಜೋಡಿ ಬೇಕು' ಎಂದು ನಾಸಿಕದ ಒಬ್ಬಳು ಬರೆದಳು. 'ನಮ್ಮ ಅಥಣಿ!' ಎಂದು ದುಬೈಯಿಂದ ಯಾರೋ ಬರೆದರು. ಕೊನೆಗೆ ಸುರಜನೇ ಮತ್ತೆ ಬರೆದ: 'ತಪ್ಪಾಯಿತು. ಚಪ್ಪಲಿ ಚೆನ್ನಾಗಿದೆ. ವಾಪಸು ಕಳಿಸುವುದಿಲ್ಲ.' ರಾತ್ರಿ ಬರೆದದ್ದನ್ನು ಅವನೇ ತೆಗೆದುಹಾಕಿದ್ದ.

ರುಮಾಲಿನ ಹಿರಿಯರು ತೊಡೆ ತಟ್ಟಿದರು. "ಹೆಣ್ಮಗಳ ಅಂದ್ರ ಹಿಂಗಿರಬೇಕ ನೋಡ್ರಿ! ಯಾರ ಕಲಿಸ್ಯಾರೋ ಏನೋ, ಮಾತ ಭಾಳ ನೀಟ."

ಫೋನು ಹಿಡಿಯುವುದನ್ನು ನಾನು ಕಲಿಸಿದೆ, ಮಾತು ಅವರದೇ ಎಂದು ಹೇಳಬೇಕೆನ್ನಿಸಿತು. ಶುಭಾಂಗಿ ತಲೆಯಾಡಿಸಿದಳು ಅಷ್ಟೇ. ಬರೆದಿಟ್ಟಿದ್ದ ನಾಲ್ಕನೆಯ ಉತ್ತರವನ್ನೂ ಹೊಡೆದುಹಾಕಿದಳು.

ಅಥಣಿ ಓಣಿಯಲ್ಲಿ ಅವಳು ಮೆಟ್ಟಿಲು ಹತ್ತುವ ಮೊದಲೇ ಗೌರಾಬಾಯಿ ಕೂಗಿದರು, "ಬಾ ನನ್ನವ್ವಾ, ಬಾ! ನಿನ್ನ ಕೇಳದ ಮಾಡಿದ್ನೆವ್ವಾ, ಬೈಯೂದಿದ್ರ ಚಹಾ ಕುಡದ ಬೈ."

ಶುಭಾಂಗಿ ಚಪ್ಪಲಿ ಬಿಟ್ಟು ಒಳಗೆ ಬಂದಳು. ಕೂರಲಿಲ್ಲ. "ಮಾವಶಿ, ರಾತ್ರಿ ಅದನ್ನ ಅಳಿಸಿದಾಕಿ ನಾನ. ಅಳಿಸಿದ್ದಕ್ಕ ಅದು ಇಷ್ಟ ದೊಡ್ಡದಾತು. ಊರ ಹೆಸರ ಬ್ಯಾಡ ಅಂದಾಕಿನೂ ನಾನ. ನೀವ್ಯಾಕ ನಿಮ್ಮ ಮ್ಯಾಲೆ ಹಾಕ್ಕೊಂಡ್ರಿ?"

"ಮತ್ತ ಯಾರ ಮ್ಯಾಲೆ ಹಾಕ್ಲಿ? ಅಂಗಡಿ ನಮ್ಮದಲ್ಲೇನ?" ಗೌರಾಬಾಯಿ ನಕ್ಕರು. "ನಾನೂ ಹೊಸದಾಗಿ ಹೆಣಿಯೂವಾಗ ನಮ್ಮತ್ತಿ ಎಷ್ಟ ಸಲ ಬಿಚ್ಚಿ ಕೊಟ್ಟಾಳ, ಎಣಿಸಿಲ್ಲ."

ಭರಮು ತೊಗಲು ಕೊಯ್ಯುತ್ತ ಕೂತಿದ್ದರು. ಶುಭಾಂಗಿ ಅವರನ್ನೇ ನೋಡಿದಳು. ಅವಳಿಗೆ ಹೆದರಿಕೆ ಇದ್ದದ್ದು ಅವರದೇ. ಬೇಡ ತಾಯಿ, ನಿನ್ನ ಸಹವಾಸ ಸಾಕು ಎಂದರೆ ಅದು ನ್ಯಾಯವೇ ಆಗಿತ್ತು. ಅವರು ನಿಧಾನಕ್ಕೆ ಕೈ ಒರೆಸಿಕೊಂಡು ಹತ್ತಿರ ಬಂದರು.

"ತಂಗಿ, ಈಗರ ಬರದಕೊಡ್ತಿಯೇನು? ಅಥಣಿ ಅಂತ. ದಪ್ಪ ಅಕ್ಷರದಾಗ."

ಅಲ್ಲೇ, ಅವರ ಎದುರಿಗೇ, ಪೇಜಿನ ಹೆಸರು ಬದಲಿಸಲು ಅವಳು ಅರ್ಜಿ ಹಾಕಿದಳು: 'ಅಥಣಿಯ ಕೊಲ್ಹಾಪುರಿ, ಭರಮು ಮತ್ತು ಗೌರಾಬಾಯಿ.' ಕನ್ನಡದಲ್ಲೊಮ್ಮೆ, ಮರಾಠಿಯಲ್ಲೊಮ್ಮೆ. ಭರಮು ಅದನ್ನು ಅಕ್ಷರ ಅಕ್ಷರ ಕೂಡಿಸಿ ಓದಿದರು. ಓದಿ, ಫೋನನ್ನು ಹೆಂಡತಿಯ ಕೈಗೆ ಕೊಟ್ಟು, "ನಿನ್ನ ಹೆಸರೂ ಬಂದೈತಿ ನೋಡ," ಅಂದರು. ಓದಲು ಬಾರದಿದ್ದರೂ ಗೌರಾಬಾಯಿ ಅದನ್ನು ಬಹಳ ಹೊತ್ತು ನೋಡಿದರು. ಶುಭಾಂಗಿ ಹನ್ನೊಂದು ಪೇಜು ನಡೆಸಿದವಳು. ತಾನು ಮಾಡಿದ ಕೆಲಸವನ್ನು ಯಾರಾದರೂ ಹೀಗೆ ನೋಡಿದ್ದು ಅದೇ ಮೊದಲು.

ಸಂಜೆ ಅಥಣಿ ಬಸ್‌ಸ್ಟ್ಯಾಂಡಿನಲ್ಲಿ ಅವಳ ವಾಟ್ಸಾಪಿಗೆ ಒಂದು ಸಂದೇಶ ಬಂತು. ಆರ್ಡರಿಗೆಂದು ಪೇಜಿನಲ್ಲಿ ಅವಳದೇ ನಂಬರು ಇತ್ತು. ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡ.

'ಅಕ್ಕಾರ, ನಾ ಸುರಜ. ನಮ್ಮದು ಅಥಣಿ ಬಾಜೂಕಿನ ಐನಾಪುರ. ನಮ್ಮಪ್ಪಂದೂ ಇದ ಕೆಲಸಾ. ಅವ್ವ ಹೆಣಿತಿದ್ಲು. ಪುಣೆಕ್ಕ ಬಂದ ಮ್ಯಾಲೆ ಯಾರಿಗೂ ಹೇಳಿಲ್ಲ. ಪಾರ್ಸೆಲ್ ಮ್ಯಾಲೆ ಅಥಣಿ ಅಂತ ನೋಡಿ ರೂಮಿನ ದೋಸ್ತರು ನಕ್ಕರು, ಡುಪ್ಲಿಕೇಟ್ ಅಂದ್ರು. ನಾನೂ ಅವರ ಜೋಡಿ ನಕ್ಕೆ. ಅವರ ಮುಂದನ ಕುಂತ ಬರದೆ. ಇವತ್ತ ಮಾವಶಿ ಕೈ ನೋಡಿ ಅವ್ವನ ಕೈ ನೋಡಿದಂಗಾತು. ಬೆಳಿಗ್ಗೆ ಅವ್ವಗ ಫೋನ್ ಮಾಡಿದೆ, ಭಾಳ ದಿನಕ್ಕ. ಹೇಳಬೇಕನಿಸ್ತು, ಹೇಳಿದೆ. ಪೇಜಿನ ಮ್ಯಾಲೆ ಹಾಕಬ್ಯಾಡ್ರಿ.'

ಶುಭಾಂಗಿ ಬೆಂಚಿನ ಮೇಲೆ ಕೂತಳು. ಬರುವ ರವಿವಾರ ಚಿಕ್ಕೋಡಿಯಲ್ಲಿ ಇಪ್ಪತ್ತು ಅಂಗಡಿಯವರಿಗೆ ಅವಳ ತರಗತಿಯಿತ್ತು. ಇದನ್ನು ಹೇಳಿದರೆ ಇಪ್ಪತ್ತು ಜನವೂ ಉಸಿರು ಹಿಡಿದು ಕೇಳುತ್ತಾರೆ. ಪೇಜಿಗೆ ಹಾಕಿದರೆ ಪುಣೆಯವರೆಗೆ ಓಡುತ್ತದೆ. ಸುರಜನ ಹೆಸರು ತೆಗೆದು ಹಾಕಬಹುದು. ಐನಾಪುರವನ್ನು ಬೇರೆ ಊರು ಮಾಡಬಹುದು. ಮಾತುಗಳನ್ನು ಹಾಗೆ ಜೋಡಿಸುವುದು ಅವಳಿಗೆ ಬರುತ್ತದೆ. ಆದರೂ ಆ ರೂಮಿನ ಗೆಳೆಯರಿಗೆ ಗುರುತು ಸಿಕ್ಕೇ ಸಿಗುತ್ತದೆ. ಅಥಣಿ ಎಂದು ಬರೆಸಿದ್ದು ಭರಮು ಕಾಕಾ, ತಾವೇ ಬಾಯಿಬಿಟ್ಟು ಕೇಳಿ ಬರೆಸಿದರು. ಐನಾಪುರ ಎಂದು ಹೇಳಬೇಕಾದವನು ಸುರಜನೇ.

'ನಿಮ್ಮವ್ವನ ಕಾಲಿನ ಅಳತಿ ಕಳಸ್ರಿ,' ಎಂದಷ್ಟೇ ಉತ್ತರ ಬರೆದಳು.

ಬಸ್ಸು ಬಂತು. ಹತ್ತುವಾಗ ಗೌರಾಬಾಯಿಯ ಫೋನು. "ಶುಭಾ, ಆ ಹುಡುಗ ಮತ್ತೇನರ ಬರದಾನೇನ?"

"ಏನಿಲ್ಲ ಮಾವಶಿ. ಪೇಜಿನ ಮ್ಯಾಲೆ ಬರದದ್ದಷ್ಟ."

ಫೋನು ಇಟ್ಟು, ಕಿಟಕಿಯ ಸೀಟು ಹಿಡಿದು, ಆ ಸಂದೇಶವನ್ನು ಕೊನೆಯದಾಗಿ ಓದಿ ಅಳಿಸಿದಳು. ರವಿವಾರದ ತರಗತಿಯಲ್ಲಿ ಕೊಬ್ಬರಿ ಎಣ್ಣೆಯ ಮಾತನ್ನೂ ಊರ ಹೆಸರಿನ ಮಾತನ್ನೂ ಹೇಳುವುದು. ರಾತ್ರಿ ತಾನು ಅಳಿಸಿದ್ದನ್ನೂ ಮುಚ್ಚದೆ ಹೇಳುವುದು. ಇದೊಂದನ್ನು ಮಾತ್ರ ಅಪ್ಪನಿಗೂ ಇಲ್ಲ, ಮಾವಶಿಗೂ ಇಲ್ಲ, ಯಾರಿಗೂ ಹೇಳುವುದಿಲ್ಲ ಎಂದು ನಿರ್ಧರಿಸಿ, ಟಿಕೀಟಿಗೆ ಕೈ ಚಾಚಿದಳು.