ಅಕ್ಕನ ಪ್ಲಾಸ್ಮಿಡ್

ನಮ್ಮ ಪ್ರಯೋಗಾಲಯದ ಮುಖ್ಯಸ್ಥರನ್ನು ನಾವೆಲ್ಲ ಬೆನ್ನ ಹಿಂದೆ ದೊಡ್ಡಣ್ಣ ಎನ್ನುತ್ತೇವೆ. ಒಳ್ಳೆಯ ಮನುಷ್ಯ. ಆದರೆ ಒಳ್ಳೆಯವರು ಸುಮ್ಮನೆ ಕೂತಿದ್ದರೆ ಎಷ್ಟೋ ಅನಾಹುತ ತಪ್ಪುತ್ತದೆ.

ಅಂದು ಬೆಳಿಗ್ಗೆ ನಾನು ಸೂಕ್ಷ್ಮದರ್ಶಕದ ಕೋಣೆಯಲ್ಲಿದ್ದೆ. ಅಕ್ಕ ಆಸ್ಪತ್ರೆಯಲ್ಲಿದ್ದಳು, ಮಿದುಳಲ್ಲಿ ಗಡ್ಡೆ. ಇದೇ ಪ್ರಯೋಗಾಲಯದಲ್ಲಿ ವರ್ಷಗಟ್ಟಲೆ ತಲೆ ಕೆಡಿಸಿಕೊಂಡು ಅವಳೊಂದು ಪ್ಲಾಸ್ಮಿಡ್ ಕಟ್ಟಿದ್ದಳು. ಬಳೆಯ ಹಾಗೆ ದುಂಡಗಿರುವ ಡಿಎನ್‌ಎ ತುಣುಕು ಅದು. ನೊಣದ ಜೀವಕೋಶಕ್ಕೆ ಸೇರಿಸಿದರೆ ಕೋಶ ಒಂದು ಪ್ರೋಟೀನು ತಯಾರಿಸುತ್ತದೆ. ಆ ಪ್ರೋಟೀನು ಕತ್ತಲಲ್ಲಿ ಕೋಶದ ತುಂಬ ಹರಡಿಕೊಂಡಿದ್ದು, ನೀಲಿ ಬೆಳಕು ಬಿದ್ದೊಡನೆ ಅಂಚಿಗೆ ಓಡಬೇಕು. ಅಕ್ಕನ ಕೈಯಲ್ಲಿ ಅದು ಒಮ್ಮೆಯೂ ಓಡಿರಲಿಲ್ಲ. ಹಾಸಿಗೆ ಹಿಡಿಯುವ ಮುಂಚೆ ಅವಳು ಕೊನೆಯದಾಗಿ ತಿದ್ದಿಟ್ಟಿದ್ದನ್ನು ನಾನು ಕೋಶಗಳಿಗೆ ಸೇರಿಸಿದ್ದೆ.

ಬೆಳಗಿನ ಹೊತ್ತು ಮಾತ್ರ ಅವಳಿಗೆ ನಮ್ಮ ಗುರುತು ಇರುತ್ತಿತ್ತು. ಬಿಸಿಲೇರಿದ ಮೇಲೆ ಎಲ್ಲ ಕಲಸುಮೇಲೋಗರ. ಆ ಹೊತ್ತೂ ದಿನೇ ದಿನೇ ಕುಗ್ಗುತ್ತಿತ್ತು. ಅದು ಪೂರ್ತಿ ಇಲ್ಲವಾಗುವುದರೊಳಗೆ ಪ್ರೋಟೀನು ಓಡುವುದನ್ನು ಚಿತ್ರೀಕರಿಸಿ ಅವಳಿಗೆ ತೋರಿಸಬೇಕು, ಅದೊಂದೇ ನನ್ನ ಹಟ.

ಭಾವನ ಫೋನ್ ಬಂತು. ಮಾತಾಡಲು ಹೊರಗೆ ಹೋದೆ.

"ಇವತ್ತು ಚೆನ್ನಾಗಿದಾಳೆ ಕಣಮ್ಮ. ಆಗ್ಲಿಂದ ಕೇಳ್ತಿದಾಳೆ, ಓಡ್ತಾ ಅಂತ. ಬೇಗ ಬಾ."

"ಬಂದೆ ಭಾವ. ಮಲಗೋಕೆ ಬಿಡಬೇಡಿ."

ಒಳಗೆ ಬಂದರೆ ದೊಡ್ಡಣ್ಣ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ಕೂತಿದ್ದಾರೆ. ಅವರ ಕೆನ್ನೆಯ ಮೇಲೆ ನೀಲಿ ಬೆಳಕು.

"ನೀನು ಬರೋದ್ರೊಳಗೆ ಒಳ್ಳೇ ಕೋಶ ಹುಡುಕಿಡೋಣ ಅಂತ..." ಎಂದರು.

"ನೀಲಿ ಹಾಕಿದೀರಲ್ಲ ಸಾರ್."

ಅವರ ಬೆರಳು ಗುಂಡಿಯ ಮೇಲೇ ನಿಂತಿತು. ಜೀವಮಾನವೆಲ್ಲ ನೀಲಿ ಬೆಳಕಲ್ಲಿ ಹೊಳೆಯುವ ಪ್ರೋಟೀನುಗಳನ್ನೇ ನೋಡಿದವರು, ಕೈ ತಾನಾಗಿ ಅಲ್ಲಿಗೇ ಹೋಗಿತ್ತು. ನಮ್ಮದನ್ನು ಹುಡುಕಬೇಕಾದ್ದು ಹಸಿರು ಬೆಳಕಲ್ಲಿ; ಹಸಿರಿಗೆ ಅದು ಹೊಳೆಯುತ್ತದೆ, ಓಡುವುದಿಲ್ಲ. ಕೋಶಗಳಿದ್ದದ್ದು ಒಂದೇ ಗಾಜಿನ ತಟ್ಟೆಯಲ್ಲಿ, ಅದನ್ನು ಮೂಲೆಯಿಂದ ಮೂಲೆಗೆ ಸುತ್ತಾಡಿಸಿದ್ದರು. ಪ್ರೋಟೀನೆಲ್ಲ ಆಗಲೇ ಅಂಚಿಗೆ ಹೋಗಿ ಕೂತಿತ್ತು. ಓಡಿತೋ, ಮೊದಲೇ ಅಲ್ಲಿತ್ತೋ, ಹೇಳುವವರು ಯಾರು? ಮೊದಲಿನ ಚಿತ್ರವಿಲ್ಲದೆ ಅಕ್ಕ ಒಪ್ಪುವವಳೇ ಅಲ್ಲ.

"ಮುಟ್ಟಿ ಅಂತ ಯಾರು ಸಾರ್ ಹೇಳಿದ್ರು ನಿಮಗೆ? ಆಚೆ ಹೋಗಿ" ಎಂದುಬಿಟ್ಟೆ.

ಅವರು ಹೋಗಲಿಲ್ಲ. ಕತ್ತಲಲ್ಲಿಟ್ಟರೆ ಪ್ರೋಟೀನು ನಿಧಾನಕ್ಕೆ ಮೊದಲಿನ ಹಾಗೆ ಹರಡಿಕೊಳ್ಳುತ್ತದೆ. ಅದಕ್ಕೆ ಅವಸರ ಮಾಡಲು ಯಾವ ದೇವರಿಂದಲೂ ಆಗದು. ದೀಪ ಆರಿಸಿ ಇಬ್ಬರೂ ಕೂತೆವು. ಅವರು ಮೂಗೊರೆಸಿಕೊಳ್ಳುವುದು ಕೇಳಿಸುತ್ತಿತ್ತು. ನನಗೆ ಕನಿಕರ ಬರಲಿಲ್ಲ. ಹೊರಗೆ ಬಿಸಿಲು ಏರುತ್ತಿದೆಯೆಂಬುದೊಂದೇ ತಲೆಯಲ್ಲಿತ್ತು.

ಆಮೇಲೆ ಓಡಿತು. ಕಣ್ಣು ತುಂಬುವಷ್ಟು ಚೆಂದ ಓಡಿತು. ನೀಲಿ ಬೀಳುತ್ತಲೇ ಕೋಶದ ನಡು ಖಾಲಿಯಾಗಿ ಸುತ್ತಲಿನ ಅಂಚು ಬೆಳಗಿತು. ಚಿತ್ರವನ್ನು ಫೋನಿಗೆ ಹಾಕಿಕೊಂಡು ಎದ್ದೆನೋ ಬಿದ್ದೆನೋ ಎಂದು ಆಸ್ಪತ್ರೆಗೆ ಹೋದೆ.

ಬಾಗಿಲಲ್ಲಿ ಭಾವನ ಮುಖ ನೋಡಿದಾಗಲೇ ಹೊತ್ತು ಮೀರಿದ್ದು ಗೊತ್ತಾಯಿತು. ಆದರೂ ಅಕ್ಕನ ಮುಂದೆ ಫೋನ್ ಹಿಡಿದೆ. ಅವಳು ಮತ್ತೆ ಮತ್ತೆ ಹಾಕಿಸಿಕೊಂಡು ನೋಡಿದಳು.

"ಎಷ್ಟು ಚೆನ್ನಾಗಿ ಓಡ್ತಿದೆ. ಯಾರಮ್ಮ ಇದನ್ನ ಕಟ್ಟಿದ್ದು?"

"ನಮ್ಮಕ್ಕ."

"ಭಾರಿ ಗಟ್ಟಿಗಿತ್ತಿ ನಿಮ್ಮಕ್ಕ. ನಾನೂ ಇಂಥದ್ದಕ್ಕೇ ಒದ್ದಾಡ್ತಿದೀನಿ, ನಂದು ಓಡ್ತಾನೇ ಇಲ್ಲ." ನನ್ನ ಕೈ ಹಿಡಿದುಕೊಂಡಳು. "ಒಂದ್ಸಲ ಅವರನ್ನ ಕರ್ಕೊಂಡು ಬರ್ತೀಯಾ? ಹೇಗೆ ಮಾಡಿದ್ರು ಅಂತ ಕೇಳ್ಬೇಕು."

ಭಾವ ಗೋಡೆಯ ಕಡೆ ತಿರುಗಿಕೊಂಡರು.

"ಹೂಂ, ನಾಳೆ ಬೆಳಿಗ್ಗೆ ಕರ್ಕೊಂಡು ಬರ್ತೀನಿ" ಎಂದೆ.