ಎರಡೂ ಬದಿ ಕೆತ್ತಿದ ಕಲ್ಲು

ನೈರೋಬಿಯಲ್ಲಿ, ಸಿರಿವಂತರ ಬಡಾವಣೆ ಲೊರೆಶೋದ ಇಳಿಜಾರಿನ ಕೆಳಗೆ, ಕಾಂಗೆಮಿ ಕೊಳೆಗೇರಿಯ ತಗಡಿನ ಮನೆಗಳ ನಡುವೆ, ಎಂಟು ಹಾಸಿಗೆಗಳ ಹೆರಿಗೆ ಆಸ್ಪತ್ರೆಯೊಂದು ಐದು ತಿಂಗಳಿನಿಂದ ಸಿದ್ಧವಾಗಿ ನಿಂತಿತ್ತು. ನಲ್ಲಿಯಲ್ಲಿ ನೀರು ಬರುತ್ತಿತ್ತು, ಹಾಸಿಗೆಗಳ ಪ್ಲಾಸ್ಟಿಕ್ ಮಾತ್ರ ಬಿಚ್ಚಿರಲಿಲ್ಲ. ಕಟ್ಟಿಸಲು ದುಡ್ಡು ಕೊಟ್ಟದ್ದು ಬ್ರಿಟನ್ ಸರ್ಕಾರ. ಅಲ್ಲಿನ ಸಚಿವರೊಬ್ಬರು ಬಂದು ರಿಬ್ಬನ್ ಕತ್ತರಿಸುವ ತನಕ ಬಾಗಿಲು ತೆರೆಯಬಾರದೆಂದು ಒಪ್ಪಂದದಲ್ಲಿ ಬರೆದಿತ್ತು. ಆದರೆ ಅದು ಬ್ರೆಕ್ಸಿಟ್ಟಿನ ಕಾಲ, ೨೦೧೯ರ ಆಸುಪಾಸು. ಲಂಡನ್ನಿನಲ್ಲಿ ಸಚಿವರು ಕುರ್ಚಿಯಲ್ಲಿ ನಿಲ್ಲುತ್ತಿರಲಿಲ್ಲ.

ಯೋಜನೆಯ ಉಸ್ತುವಾರಿ ಬದರೀನಾಥನದು. ನೈರೋಬಿಗೆ ಬರುವ ಮುಂಚೆ ಮಂಡ್ಯದಲ್ಲಿ ಲೋಕೋಪಯೋಗಿ ಇಲಾಖೆಯ ಎಂಜಿನಿಯರ್ ಆಗಿದ್ದವನು. ಬಸ್ ನಿಲ್ದಾಣದ ಶೌಚಾಲಯಕ್ಕೂ ಮಂತ್ರಿಯ ಹೆಸರಿನ ಕಲ್ಲು ನೆಟ್ಟ ಕೈ ಅದು. ಆಸ್ಪತ್ರೆಗೆ ಕಲ್ಲಿಲ್ಲದಿದ್ದರೆ ಹೇಗೆ? ಲಂಡನ್ ಕೇಳದಿದ್ದರೂ ಕರಿ ಗ್ರಾನೈಟಿನಲ್ಲಿ ಮಾನ್ಯ ಸಚಿವರ ಹೆಸರು ಮುಂಚಿತವಾಗಿಯೇ ಕೆತ್ತಿಸಿಟ್ಟ.

ಮಾನ್ಯರು ಬರಲು ಒಂಬತ್ತು ದಿನ ಬಾಕಿ ಇರುವಾಗ ರಾಜೀನಾಮೆ ಕೊಟ್ಟರು. ಯುರೋಪನ್ನು ಬಿಡುವ ಒಪ್ಪಂದವನ್ನು ಮೂರು ವಾರ ಟೀವಿಯಲ್ಲಿ ಹಾಡಿ ಹೊಗಳಿದ ಮೇಲೆ ಓದಿ ನೋಡಿದರಂತೆ, ಆತ್ಮಸಾಕ್ಷಿ ಒಪ್ಪಲಿಲ್ಲವಂತೆ. ಬದರೀನಾಥ ಕಲ್ಲನ್ನು ಮಗುಚಿ, ಹಿಂಬದಿಯಲ್ಲಿ ಹೊಸ ಸಚಿವೆಯ ಹೆಸರು ಕೆತ್ತಿಸಿದ. ಆಕೆ ಇಪ್ಪತ್ತಾರು ದಿನ ಇದ್ದರು. ಮೊದಲನೆಯವರಿಗೆ ಖಾರವಾಗಿದ್ದ ಅದೇ ಒಪ್ಪಂದ ಆಕೆಗೆ ಸಪ್ಪೆಯಾಯಿತಂತೆ. ಆ ಕುರ್ಚಿಗೆ ಇನ್ನೂ ಯಾರೂ ಬಂದಿರಲಿಲ್ಲ; ಬಂದರೂ ಕಲ್ಲಿಗೆ ಮೂರನೆಯ ಬದಿ ಇರಲಿಲ್ಲ.

ಇಷ್ಟರ ನಡುವೆ ಲಂಡನ್ನಿನಿಂದ ಎಂದಿನಂತೆ ಫಾರಂ ಬಂತು. ನಿಮ್ಮ ಪ್ರದೇಶದ ಆಡಳಿತ ಸ್ಥಿರವಾಗಿದೆಯೆ, ನಿರ್ಧಾರಗಳು ಸಮಯಕ್ಕೆ ಸರಿಯಾಗಿ ಆಗುತ್ತಿವೆಯೆ, ಐದಕ್ಕೆ ಎಷ್ಟು ಅಂಕ? ಇಲ್ಲಿನ ಆರೋಗ್ಯಾಧಿಕಾರಿ ಆರು ವರ್ಷದಿಂದ ಅದೇ ಕುರ್ಚಿಯಲ್ಲಿದ್ದ. ಬದರೀನಾಥ ಐದಕ್ಕೆ ಐದು ಕೊಟ್ಟ. ‘ಇತರ ಅಪಾಯಗಳು’ ಎಂಬಲ್ಲಿ ‘ಲಂಡನ್’ ಎಂದು ಬರೆದು, ಅಳಿಸಿ, ‘ಹವಾಮಾನ’ ಎಂದು ತಿದ್ದಿ ಕಳಿಸಿದ.

ಸೋಮವಾರ ಮುಖ್ಯ ನರ್ಸ್ ಸಿಲ್ವಿಯಾ ಅವನ ಆಫೀಸಿಗೆ ಬಂದಳು. ಕೂರಲಿಲ್ಲ.

“ನಿನ್ನೆ ಒಬ್ಬಳು ನಮ್ಮ ಬೀಗದ ಮುಂದೆ ಕೂತು ನೋವು ತಿಂದಳು, ಬ್ವಾನಾ. ಕೊನೆಗೆ ಜನ ತುಂಬಿದ ಮಟಾಟು ವ್ಯಾನಿನಲ್ಲಿ ಹೆತ್ತಳು. ಮಗು ಬದುಕಿದೆ. ಮುಂದಿನದು ಬದುಕದಿದ್ದರೆ ಕಲ್ಲಿನ ಮೇಲೆ ಯಾರ ಹೆಸರು ಹಾಕಿಸ್ತೀರಿ?”

ಬದರೀನಾಥನಿಗೆ ನಾಚಿಕೆಯಾಯಿತು. ಪಾರ್ಕ್‌ಲ್ಯಾಂಡ್ಸ್‌ನ ಮನೆಗೆ ಬಂದು ಊಟಕ್ಕೆ ಕುಳಿತಾಗಲೂ ಅದು ಇಳಿದಿರಲಿಲ್ಲ. ಹೆಂಡತಿ ಜಯಮಾಲಾ ಎಲ್ಲ ಕೇಳಿಸಿಕೊಂಡಳು.

“ಅಲ್ಲಾ ರೀ, ಬಾಗಿಲು ತೆಗೆದ್ರೆ ಏನಾಗತ್ತೆ?”

“ಅಗ್ರಿಮೆಂಟ್ ಮುರಿದ ಹಾಗೆ. ಮುಂದಿನ ವರ್ಷದ ಗ್ರಾಂಟ್ ಕ್ಯಾನ್ಸಲ್ ಮಾಡ್ಬೋದು. ನನ್ನ ಕೆಲಸಾನೂ ಹೋಗ್ಬೋದು.”

“ಕ್ಯಾನ್ಸಲ್ ಮಾಡೋಕೆ ಯಾರು ಸೈನ್ ಹಾಕ್ಬೇಕು?”

“ಮಿನಿಸ್ಟರು.”

“ಯಾವ ಮಿನಿಸ್ಟರು?”

ಚಪಾತಿ ಮುರಿಯುತ್ತಿದ್ದ ಅವನ ಕೈ ನಿಂತಿತು. ರಿಬ್ಬನ್ ಕತ್ತರಿಸಲು ಯಾರೂ ಇಲ್ಲವೆಂದು ಐದು ತಿಂಗಳು ತಲೆ ಚಚ್ಚಿಕೊಂಡವನಿಗೆ, ತನ್ನ ಕತ್ತು ಹಿಡಿಯಲೂ ಅಲ್ಲಿ ಯಾರೂ ಇಲ್ಲವೆಂಬುದು ಹೊಳೆದಿರಲಿಲ್ಲ. ಹಾಗೆಂದು ಭಯ ಹೋಯಿತೆಂದಲ್ಲ. ಇಂದಲ್ಲ ನಾಳೆ ಯಾರನ್ನಾದರೂ ಆ ಕುರ್ಚಿಗೆ ತರುತ್ತಾರೆ, ಮಗಳ ಶಾಲೆ ಇದೆ, ವೀಸಾ ಇದೆ. ಆದರೂ ಬೆಳಿಗ್ಗೆ ಎದ್ದವನೇ ಆಸ್ಪತ್ರೆಗೆ ಹೋಗಿ ಕೀಲಿಕೈಯನ್ನು ಸಿಲ್ವಿಯಾಳ ಕೈಗೆ ಕೊಟ್ಟ.

“ಅಸಾಂಟೆ,” ಎಂದು ಸ್ವಾಹಿಲಿಯಲ್ಲಿ ಥ್ಯಾಂಕ್ಸ್ ಹೇಳಿದವಳು ಅಷ್ಟಕ್ಕೇ ನಿಲ್ಲಿಸಲಿಲ್ಲ. “ಬಾಗಿಲ ಮುಂದೆ ಕೆಸರು. ತುಂಬು ಹೊಟ್ಟೆಯವರು ಜಾರಿದರೆ ಕಷ್ಟ. ಒಂದು ಮೆಟ್ಟಿಲು ಬೇಕು.”

ಬದರೀನಾಥ ಮೂಲೆಯಲ್ಲಿ ಒರಗಿಸಿದ್ದ ಗ್ರಾನೈಟನ್ನು ನೋಡಿದ. ಅಳತೆಗೆ ಸರಿಯಾಗಿತ್ತು. ನುಣುಪು ಕಲ್ಲಾದರೂ ಕೆತ್ತಿದ ಅಕ್ಷರಗಳಿಂದಾಗಿ ಒದ್ದೆ ಕಾಲು ಜಾರುತ್ತಿರಲಿಲ್ಲ. ಎರಡು ಬದಿಯಲ್ಲಿ ಯಾವುದು ಮೇಲಿರಬೇಕೆಂದು ಯೋಚಿಸಿ, ಮೊದಲ ಸಚಿವರ ಹೆಸರು ಉದ್ದವಿದ್ದು ಕಾಲಿಗೆ ಹೆಚ್ಚು ಹಿಡಿತ ಸಿಗುತ್ತಿದ್ದುದರಿಂದ ಅವರನ್ನೇ ಮೇಲೆ ಮಾಡಿ ಹಾಸಿಸಿದ.

ಏಳು ವಾರದ ಮೇಲೆ ಲಂಡನ್ನಿನಿಂದ ಮೇಲ್ ಬಂತು. ನೂತನ ಸಚಿವರು ಉದ್ಘಾಟನೆಗೆ ಬರಲು ಅತ್ಯಂತ ಉತ್ಸುಕರಾಗಿದ್ದಾರೆ, ಅನುಕೂಲವಾದ ವೇಳೆ ತಿಳಿಸುವುದು. ಅಷ್ಟರಲ್ಲಿ ಅಲ್ಲಿ ಮೂವತ್ತೆಂಟು ಮಕ್ಕಳು ಹುಟ್ಟಿದ್ದವು. ಬದರೀನಾಥ ಇದ್ದದ್ದನ್ನು ಇದ್ದ ಹಾಗೆ ಉತ್ತರಿಸಿದ.

‘ದಯವಿಟ್ಟು ಬನ್ನಿ. ಬಾಣಂತಿಯರನ್ನು ನೋಡಲು ಬಿಡುವುದು ಮಧ್ಯಾಹ್ನ ಎರಡರಿಂದ ನಾಲ್ಕು. ಬಾಗಿಲಲ್ಲಿ ಮೆಟ್ಟಿಲಿದೆ, ನೋಡಿಕೊಂಡು ಕಾಲಿಡಿ.’