ಅಪ್ಪನ ಎರಡು ಕ್ಯಾಮೆರಾ

ಹಳೆಯ ಕ್ಯಾಮೆರಾ ನನ್ನ ಪಾಲಿಗೆ ಬಂದಿದೆ. ಬ್ಯಾಟರಿಯ ಮುಚ್ಚಳಕ್ಕೆ ಅಂಟುಪಟ್ಟಿ, ಹಿಡಿಯ ರಬ್ಬರು ಎರಡು ಸಲ ಕಿತ್ತುಬಂದು ಎರಡು ಸಲ ಅಂಟಿಸಿದ್ದು. ಹನ್ನೆರಡು ವರ್ಷದ ಹಿಂದೆ ಅಪ್ಪ ಇದನ್ನು ಪರದೇಶದಿಂದ ಬಂದವನೊಬ್ಬನ ಕೈಯಿಂದ ಕೊಂಡಾಗಲೇ ಇದು ಕಲಿಯುವವರ ಕ್ಯಾಮೆರಾ. ಮೊದಲ ಸಲ ಕೊಳ್ಳುವವರಿಗೆ ಅಂಗಡಿಯವರು ತೋರಿಸುತ್ತಾರಲ್ಲ, ಅಂಥದ್ದು. ಇದರಲ್ಲೇ ನಾವು ಬಂತಾಮಾ ರಸ್ತೆಯ ಅರ್ಧ ಮದುವೆ, ಮುಕ್ಕಾಲು ಸಾವು ತೆಗೆದೆವು. ದೊಡ್ಡದು, ಹೊಸದು, ಜಿಮಾನ ಹತ್ತಿರ ಇದೆ. ಜಿಮಾ ನನ್ನ ಸೋದರತ್ತೆಯ ಮಗ, ನನಗಿಂತ ಐದು ವರ್ಷ ಚಿಕ್ಕವನು, ಸುಆಮೆಯಲ್ಲಿ ಲಾರಿಯ ಬಿಡಿಭಾಗ ಮಾರುತ್ತಾನೆ. ಕ್ಯಾಮೆರಾದ ಯಾವ ಕಡೆಗೆ ಕಣ್ಣಿಡಬೇಕು ಅನ್ನುವುದು ಅವನಿಗೆ ಗೊತ್ತಿದೆ, ಅಷ್ಟರಮಟ್ಟಿಗೆ ಸಂತೋಷ.

ನಮ್ಮ ಅಸಾಂತೆ ಜನಾಂಗದವರಲ್ಲಿ ಗಂಡಸಿನ ಆಸ್ತಿ ಅವನ ಮಕ್ಕಳಿಗಲ್ಲ, ಅಕ್ಕತಂಗಿಯರ ಮಕ್ಕಳಿಗೆ. ಅಪ್ಪ ಸತ್ತರೆ ಶವಪೆಟ್ಟಿಗೆ ಕೊಳ್ಳಬೇಕಾದವರು ಮಕ್ಕಳು, ಬೀಗದ ಕೈ ತೆಗೆದುಕೊಳ್ಳುವವನು ಸೋದರಳಿಯ. ಸರಕಾರ ಬೇರೆ ಕಾನೂನು ಮಾಡಿ ಎಷ್ಟೋ ವರ್ಷವಾಯಿತು, ನಿಜ. ಆದರೆ ಸೋದರತ್ತೆಯನ್ನು ಕೋರ್ಟಿಗೆ ಎಳೆದವನ ಮನೆಯಲ್ಲಿ ನಾಳೆ ಒಂದು ಸಾವಾದರೆ ಹೆಗಲು ಕೊಡಲು ಯಾರು ಬರುತ್ತಾರೆ? ನನ್ನ ಅಮ್ಮ ಆ ಮಾತನ್ನು ಎತ್ತಲೂ ಬಿಡಲಿಲ್ಲ. ಬದುಕಿರುವಾಗ ಅಪ್ಪ ಕೈಯಾರೆ ಕೊಟ್ಟದ್ದಕ್ಕೆ ಮಾತ್ರ ಯಾರೂ ತಂಟೆ ಮಾಡುವ ಹಾಗಿಲ್ಲ. ಅಪ್ಪ ಕೊಟ್ಟಿದ್ದ. ಅದನ್ನೇ ಹೇಳಲು ಹೊರಟಿದ್ದೇನೆ.

ಹೊಸದು ಬಂದ ವಾರ ಅಪ್ಪನೂ ನಾನೂ ಮಧ್ಯಾಹ್ನ ಸ್ಟುಡಿಯೋದ ಬಾಗಿಲು ಹಾಕಿ ಎರಡನ್ನೂ ಮೇಜಿನ ಮೇಲೆ ಇಟ್ಟುಕೊಂಡು ಕೂತೆವು. ಹೊಸದರ ಮೈ ಲೋಹದ್ದು, ಕತ್ತಿಗೆ ಹಾಕಿಕೊಂಡರೆ ಎಳೆಯುವಷ್ಟು ಭಾರ. ಹರ್ಮಟ್ಟಾನ್ ಗಾಳಿಯ ಧೂಳು ಒಳಗೆ ನುಗ್ಗದ ಹಾಗೆ ಸಂದುಸಂದಿಗೂ ಬಿಗಿ. ಕಣ್ಣಿಡುವ ಕಿಂಡಿ ಕಿಟಕಿಯಷ್ಟು ದೊಡ್ಡದು, ಬೆಳಕಾದದ್ದು. ಹಳೆಯದರಲ್ಲಿ ನೋಡುವುದೆಂದರೆ ಬೀಗದ ತೂತಿನಲ್ಲಿ ಇಣುಕಿದ ಹಾಗೆ. ಹಳೆಯದಕ್ಕೆ ಮುಖದ ಮೇಲೆ ಫೋಕಸ್ ಹಿಡಿಯಲು ಒಂಬತ್ತು ಚುಕ್ಕೆ, ಅದರಲ್ಲಿ ನಂಬಬಹುದಾದದ್ದು ನಡುವಿನದೊಂದೇ. ಹೊಸದರಲ್ಲಿ ಕಿಂಡಿಯ ತುಂಬ ಚುಕ್ಕೆ. ಹಳೆಯದು ಸತತವಾಗಿ ಆರೋ ಏಳೋ ಚಿತ್ರ ತೆಗೆದು ಕೆಂಪು ದೀಪ ಮಿಟುಕಿಸುತ್ತಾ ನಿಂತುಬಿಡುತ್ತದೆ. ಅದೂ ಸರಿಯಾಗಿ ವರ ಉಂಗುರ ತೊಡಿಸುವ ಹೊತ್ತಿಗೆ. ಎಷ್ಟು ಮದುವೆಯಲ್ಲಿ ನಾನು ಹಲ್ಲು ಕಿರಿದು, ಇನ್ನೊಂದು ಸಲ ತೊಡಿಸಿ ಸ್ವಾಮಿ ಎಂದು ಬೇಡಿಕೊಂಡಿದ್ದೇನೋ! ಹೊಸದಕ್ಕೆ ನಿಲ್ಲುವುದೇ ಗೊತ್ತಿಲ್ಲ.

ಇದ್ದದ್ದನ್ನು ಇದ್ದ ಹಾಗೆ ಹೇಳಬೇಕು. ಬಿಸಿಲಿನಲ್ಲಿ ಎರಡೂ ಒಂದೇ. ಅಂಗಳದಲ್ಲಿ ಒಂದೇ ಲೆನ್ಸು ಬದಲಾಯಿಸಿ ಹಾಕಿ ತೆಗೆದ ಚಿತ್ರಗಳನ್ನು ಪಕ್ಕಪಕ್ಕ ಇಟ್ಟು ಯಾವುದು ಯಾವುದರದ್ದು ಎಂದು ಕೇಳಿದರೆ ಅಪ್ಪನೇ ಎರಡು ಸಲ ತಪ್ಪಿದ. ಆಮೇಲೆ ಪರದೆ ಎಳೆದು, ಸಾವಿಗೆ ಉಡುವ ಕಪ್ಪು ಬಟ್ಟೆ ಉಡಿಸಿ ಅಮ್ಮನನ್ನು ಕೂರಿಸಿದೆವು. ಹಳೆಯದರಲ್ಲಿ ಅಮ್ಮನ ಮುಖವೂ ಬಟ್ಟೆಯೂ ಒಂದೇ ಕಪ್ಪಾಗಿ ಕಲಸಿಹೋಗಿ, ಮೇಲೆ ರವೆ ಎರಚಿದಂತೆ ಚುಕ್ಕೆ. ಎರಡು ಕಣ್ಣು ಮಾತ್ರ ಕಂಡವು. ಹೊಸದರಲ್ಲಿ ಅದೇ ಕತ್ತಲಿನಲ್ಲಿ ಅದೇ ಅಮ್ಮ: ಕೆನ್ನೆಯ ಕಂದುಬಣ್ಣ, ಹಣೆಯ ಗೆರೆ, ಕಪ್ಪು ಬಟ್ಟೆಯ ಮೇಲಿನ ಕಪ್ಪು ಅಚ್ಚು, ಎಲ್ಲ ಬೇರೆಬೇರೆಯಾಗಿ ನಿಂತಿತ್ತು. ಹಳೆಯದರಲ್ಲೇ ತಾನು ಹರೆಯದವಳಂತೆ ಕಾಣುತ್ತೇನೆ, ಅದನ್ನೇ ಗೋಡೆಗೆ ಹಾಕಿ ಎಂದು ಅಮ್ಮ ನಕ್ಕಳು. ಅಪ್ಪ ನಗಲಿಲ್ಲ.

"ಹನ್ನೆರಡು ವರ್ಷ ಜನಗಳ ಮುಖ ಕತ್ಲೇಲಿ ಬಿಟ್ಟು ಬಂದೆ ನಾನು," ಎಂದ. "ಬೆಳಕಿಗೆ ತಿರುಗಿ, ಬೆಳಕಿಗೆ ತಿರುಗಿ ಅಂತ ಅವ್ರಿಗೇ ಬೈತಾ ಇದ್ದೆ."

ಎರಡು ದಿನ ಕಳೆದು, ಫ್ರೆಮಾ ಅತ್ತೆಯ ಎದುರಿಗೇ ಅಪ್ಪ ದೊಡ್ಡ ಕ್ಯಾಮೆರಾವನ್ನು ನನ್ನ ಕೈಗಿಟ್ಟ. ಫ್ರೆಮಾ ಅತ್ತೆ ಅಪ್ಪನ ತಂಗಿ, ಜಿಮಾನ ತಾಯಿ. ನಮ್ಮದೇ ಮನೆಯಲ್ಲಿ ಹಿಂದಿನ ಕೋಣೆಯಲ್ಲಿ ಇರುವವಳು. ಅಪ್ಪ, ತನ್ನ ಕೈ ನಡುಗುತ್ತದೆ, ಈ ಭಾರ ತನಗಾಗದು, ಸಣ್ಣದು ತನಗಿರಲಿ, ಇದು ಇನ್ನು ಮೇಲೆ ಅಂಪೊಂಸಾನದು ಎಂದ. ಅಂಪೊಂಸಾ ಅಂದರೆ ನಾನು. ನಮ್ಮ ಪದ್ಧತಿಯಲ್ಲಿ ಕೊಟ್ಟವನು ಕೊಟ್ಟ ಮಾತ್ರಕ್ಕೆ ಕೊಟ್ಟ ಹಾಗಾಗುವುದಿಲ್ಲ. ಪಡೆದವನು ತನ್ನ ಕಡೆಯ, ಅಂದರೆ ತಾಯಿಯ ಮನೆತನದ, ಹಿರಿಯರೊಬ್ಬರನ್ನು ಕರೆತಂದು, ಎರಡೂ ಕಡೆಯವರ ಎದುರು ಒಂದು ಬಾಟಲಿ ಸ್ನ್ಯಾಪ್ಸ್ ಮದ್ಯ ಇಟ್ಟು ವಂದಿಸಬೇಕು. ಇದಕ್ಕೆ ಅಸೆದಾ ಅನ್ನುತ್ತಾರೆ. ಅದಿಲ್ಲದಿದ್ದರೆ ಕೊಟ್ಟದ್ದು ಬರೀ ಬಾಯಿಮಾತು.

ಮೂರು ವರ್ಷದ ಮಗುವಿಗೂ ಗೊತ್ತಿರುವ ವಿಷಯ ಇದು. ಅತ್ತೆ ಅಲ್ಲೇ ನೆನಪಿಸಿದಳು ಕೂಡ: ಇನ್ನೇನು ನೋಡ್ತಾ ನಿಂತೆ, ಬಾಟಲಿ ತಗೊಂಡ್ ಬಾ ಎಂದಳು. ನನಗೆ ಎಲ್ಲಿತ್ತೋ ಸಿಟ್ಟು.

"ಯಾಕತ್ತೆ ಬಾಟಲಿ?" ಎಂದೆ. "ಹದಿನೆಂಟು ವರ್ಷ ಇವ್ರ ಸ್ಟ್ಯಾಂಡ್ ಹೊತ್ತಿದೀನಿ. ಇದು ನನ್ನ ಬೆನ್ನು ಸಂಪಾದಿಸಿದ ಕ್ಯಾಮೆರಾ. ನಂದೇ ವಸ್ತುಗೆ ನಾನೇ ಕೈ ಮುಗೀಬೇಕಾ?"

ಅಪ್ಪ ನಕ್ಕುಬಿಟ್ಟ. ಅವನಿಗೆ ನೋವಾಯಿತೆಂದು ನನಗೆ ಆಗಲೇ ತಿಳಿದಿತ್ತು. ತಿಳಿಯಲಿಲ್ಲ ಎಂದು ಸುಳ್ಳು ಹೇಳಲಾರೆ. ಆದರೆ ನನ್ನ ಮಾತಿನಲ್ಲಿ ತಪ್ಪೇನಿತ್ತು? ಫಿಲ್ಮಿನ ಕಾಲದಿಂದ ನಾನೇ ದುಡಿದವನು. ಕಡೆಕಡೆಗೆ ಅಪ್ಪ ಸ್ಟುಡಿಯೋದಲ್ಲಿ ಕೂತು ಬಂದವರ ಹತ್ತಿರ ಹರಟುತ್ತಿದ್ದ, ಶನಿವಾರ ಬಂದರೆ ಮೂರು ಸಾವಿನ ಮನೆಗೆ ಓಡಾಡುತ್ತಿದ್ದವನು ನಾನು. ಅದಕ್ಕೆಲ್ಲ ಒಂದು ದಿನ ಯಾರಾದರೂ ನನಗೆ ಬಾಟಲಿ ಇಟ್ಟು ಕೈ ಮುಗಿದಿದ್ದರೇ?

ಆಮೇಲೆ ಅಪ್ಪ ನೇರವಾಗಿ ಒಂದು ಸಲವೂ ಕೇಳಲಿಲ್ಲ. ಆದರೆ ಭಾನುವಾರ ಭಾನುವಾರ ಫುಫು ಮುದ್ದೆಯ ಮುಂದೆ ಕೂತಾಗ, ಮಾಂಪೊಂಗಿನಲ್ಲಿರುವ ನಿನ್ನ ಸೋದರಮಾವ ಹೇಗಿದ್ದಾನೆ, ಒಂದು ದಿನ ಊಟಕ್ಕೆ ಕರೆಯಬಾರದೇ ಎನ್ನುತ್ತಿದ್ದ. ಸೋದರಮಾವ ಬಂದರೆ ನನ್ನ ಕಡೆಯ ಸಾಕ್ಷಿ ಬಂದಂತೆ. ನನಗೆ ಅರ್ಥವಾಗುತ್ತಿತ್ತು. ಅವರೊಬ್ಬರೇ ನಾಲ್ಕು ಜನರ ಸಾರು ಕುಡಿಯುತ್ತಾರೆ, ಯಾಕೆ ಕರೆಯುವುದು ಎಂದು ನಾನು ಮಾತು ಹಾರಿಸುತ್ತಿದ್ದೆ. ಎಂಟು ತಿಂಗಳು ಹೀಗೆ ಕಳೆಯಿತು. ಆ ಎಂಟು ತಿಂಗಳಲ್ಲಿ ದೊಡ್ಡ ಕ್ಯಾಮೆರಾ ನನ್ನ ಕೈಯ ಬೆರಳಾಗಿಹೋಯಿತು. ಸಾವಿನ ಮನೆಗಳಲ್ಲಿ ಹೆಂಗಸರು ತಮ್ಮ ಚಿತ್ರ ನೋಡಿಕೊಂಡು ಇದು ನಾನೇನಾ ಎಂದು ಕೇಳಿದರು. ಇನ್ನೊಂದು ರಸ್ತೆಯ ಸ್ಟುಡಿಯೋದವರು ನನ್ನ ಗಿರಾಕಿಗಳನ್ನು ನೋಡಿ ಕರುಬಿದರು. ನನ್ನ ಹೆಸರು ಕೇಳಿಕೊಂಡು ಜನ ಬರುವ ಹಾಗಾದದ್ದು ಆಗಲೇ, ಮೂವತ್ತೊಂಬತ್ತನೆಯ ವಯಸ್ಸಿನಲ್ಲಿ.

ಜನವರಿಯ ಒಂದು ಮಂಗಳವಾರ ಅಪ್ಪ ಸ್ಟುಡಿಯೋದ ಕುರ್ಚಿಯಲ್ಲಿ ಕೂತಲ್ಲೇ ಹೋದ. ಪೆಟ್ಟಿಗೆ ನಾವು ಮಕ್ಕಳು ಕೊಂಡೆವು, ಒಳ್ಳೆಯದನ್ನೇ ಕೊಂಡೆವು. ಅಪ್ಪನನ್ನು ಮಲಗಿಸಿದ್ದ ಚಿತ್ರಗಳನ್ನು ನಾನೇ ದೊಡ್ಡ ಕ್ಯಾಮೆರಾದಲ್ಲಿ ತೆಗೆದೆ. ಅಪ್ಪನ ಮುಖ ಕತ್ತಲಿನಲ್ಲಿ ಉಳಿಯಲಿಲ್ಲ.

ನಲವತ್ತನೆಯ ದಿನದ ಮಧ್ಯಾಹ್ನ ಅಪ್ಪನ ಮನೆತನದವರು ನಮ್ಮ ಹಜಾರದಲ್ಲಿ ಸೇರಿದರು. ಮನೆತನದ ಹಿರಿಯರು ತಾಚಿ ಅಜ್ಜ. ಕಿಟಕಿ ಕಿರಿದಾದ ಹಜಾರ ಅದು, ಹಗಲಿನಲ್ಲೂ ಮಬ್ಬು. ಜಿಮಾನನ್ನು ಉತ್ತರಾಧಿಕಾರಿ ಎಂದು ಹೇಳಿದರು. ಸ್ಟುಡಿಯೋ ಅವನದು, ಒಳಗಿನ ಸಾಮಾನು ಅವನದು. ಹೇಳಲಿ, ಅದಕ್ಕೆ ನಾನು ಸಿದ್ಧನಾಗಿಯೇ ಇದ್ದೆ. ದೊಡ್ಡ ಕ್ಯಾಮೆರಾ ಸಾಮಾನಿನಲ್ಲಿ ಸೇರುವುದಿಲ್ಲ, ಅದನ್ನು ಅಪ್ಪ ನನಗೆ ಕೊಟ್ಟಾಗಿದೆ ಎಂದೆ. ಗದ್ದಲವಾಗಲಿಲ್ಲ. ತಾಚಿ ಅಜ್ಜ ಬಹಳ ಮೆತ್ತಗೆ ಕೇಳಿದರು.

"ತಗೊಂಡಾಗ ಏನ್ ಕೊಟ್ಟೆ ಮಗಾ?"

"ಏನ್ ಕೊಡ್ಬೇಕಿತ್ತು ಅಜ್ಜ? ಹದಿನೆಂಟು ವರ್ಷ ಕೊಟ್ಟೆ."

"ಅದು ಮಗನ ಕೆಲ್ಸ. ಎಲ್ರ ಮಕ್ಳೂ ಮಾಡ್ತಾರೆ. ಬಾಟಲಿ ಇಟ್ಯಾ? ನಿಮ್ ಕಡೆಯಿಂದ ಯಾರ್ ಬಂದಿದ್ರು?"

ಅಮ್ಮ ಮೂಲೆಯಲ್ಲಿ ತಲೆ ತಗ್ಗಿಸಿ ಕೂತಿದ್ದಳು. ಹೆಂಡತಿ ಎಂದರೆ ಹೊರಗಿನವಳು, ಅಲ್ಲಿ ಅವಳ ಮಾತು ನಡೆಯುವುದಿಲ್ಲ. ನಾನು ಫ್ರೆಮಾ ಅತ್ತೆಯ ಕಡೆಗೆ ತಿರುಗಿದೆ. ನೀನೇ ಇದ್ದೆಯಲ್ಲ ಅತ್ತೆ, ಹೇಳು ಎಂದೆ. ಅತ್ತೆ ಒಂದು ಅಕ್ಷರ ಸುಳ್ಳು ಹೇಳಲಿಲ್ಲ. ಅಣ್ಣ ಕೊಟ್ಟದ್ದು ಹೌದು, ನನ್ನ ಕಿವಿಯಾರೆ ಕೇಳಿದ್ದೇನೆ ಎಂದಳು. ನನ್ನ ಎದೆ ಹಗುರಾಯಿತು. ಅವಳು ಮುಂದುವರಿಸಿ, ಬಾಟಲಿ ಮಾತ್ರ ನಾನು ನೋಡಲಿಲ್ಲ, ಯಾಕೆ ಬಾಟಲಿ ಎಂದು ಇವನೇ ಕೇಳಿದ ಎಂದಳು.

ಅಲ್ಲಿಗೆ ಮುಗಿಯಿತು. ದೊಡ್ಡದು ಜಿಮಾನಿಗೆ ಹೋಗುತ್ತದೆ, ಮಗ ಇಷ್ಟು ವರ್ಷ ದುಡಿದ ಸಣ್ಣದು ಮಗನಿಗೇ ಇರಲಿ, ಅಪ್ಪನ ನೆನಪಿಗೆ ಎಂದರು ತಾಚಿ ಅಜ್ಜ. ಎಲ್ಲರೂ ತಲೆಯಾಡಿಸಿದರು, ಹೊಟ್ಟೆ ತುಂಬಿದವರು ಹಸಿದವನಿಗೆ ಅಗುಳು ಎಸೆದು ತಲೆಯಾಡಿಸುವ ಹಾಗೆ. ನಾನು ಕೋಣೆಗೆ ಹೋಗಿ ಕ್ಯಾಮೆರಾ ತಂದು ಚಾಪೆಯ ಮೇಲೆ ಇಟ್ಟೆ.

ಈಗ ಜಿಮಾ ಮನೆತನಕ್ಕೆ ವಂದಿಸಬೇಕು. ಅವನ ಕೈ ಖಾಲಿ. ಪೇಟೆಯಿಂದ ಸೀದಾ ಬಂದೆ, ಮರೆತುಹೋಯಿತು ಎಂದು ತಲೆ ಕೆರೆದುಕೊಂಡ. ಹಲ್ಲಿದ್ದವನಿಗೆ ಕಡಲೆಯಿಲ್ಲ, ಕಡಲೆಯಿದ್ದವನಿಗೆ ಹಲ್ಲಿಲ್ಲ! ತಾಚಿ ಅಜ್ಜನ ಮುಖ ಗಂಟಿಕ್ಕಿತು. ಒಂದು ಕ್ಷಣ, ದೇವರಾಣೆ, ಆ ಒಂದು ಕ್ಷಣ ನನಗೆ ಆಸೆ ಹುಟ್ಟಿತು. ಅಷ್ಟರಲ್ಲಿ ಅತ್ತೆ ಎದ್ದು ತನ್ನ ಕೋಣೆಗೆ ಹೋದಳು. ಬರುವಾಗ ಅವಳ ಕೈಯಲ್ಲಿ ರಟ್ಟಿನ ಡಬ್ಬಿಯಲ್ಲೇ ಇದ್ದ ಒಂದು ಬಾಟಲಿ ಸ್ನ್ಯಾಪ್ಸ್ ಇತ್ತು. ಡಬ್ಬಿಯ ಮೇಲಿನ ಧೂಳನ್ನು ಸೆರಗಿನಿಂದ ಒರೆಸಿದಳು.

"ಇದು ಅಣ್ಣಂದೇ," ಎಂದಳು. "ಅಂಪೊಂಸಾ ಕೊಳ್ಳೋನಲ್ಲ ಅಂತ ತಾನೇ ತಂದು ನನ್ ಹತ್ರ ಇಟ್ಟಿದ್ದ. ಅವನ ಸೋದರಮಾವ ಬಂದ ದಿನ ಅಂಪೊಂಸಾನ ಕೈಗೆ ಕೊಡು, ಅವನು ನನಗೆ ಕೊಡ್ಲಿ, ಅಷ್ಟು ಮಾಡಿದ್ರೆ ಸಾಕು ಅಂದಿದ್ದ."

"ನನಗೆ ಯಾಕತ್ತೆ ಹೇಳ್ಲಿಲ್ಲ?" ಎಂದೆ.

"ಹೇಳ್ಬೇಡ ಅಂದಿದ್ದ ಕಣೋ. ಅವನಿಗೇ ತಿಳೀಲಿ ಅಂದಿದ್ದ. ಪ್ರತಿ ಭಾನ್ವಾರ ಬಂದು ಕೇಳ್ತಿದ್ದ, ಬಾಟಲಿ ಇದ್ಯಾ ಫ್ರೆಮಾ, ಒಡೆದಿಲ್ಲ ತಾನೆ ಅಂತ."

ಹೇಳುತ್ತಾ ಹೇಳುತ್ತಾ ಅತ್ತು ಬಿಟ್ಟಳು. ಆ ಅಳು ನಾಟಕವಲ್ಲ. ಅಳುತ್ತಲೇ ಬಾಟಲಿಯನ್ನು ತನ್ನ ಮಗನ ಕೈಗೆ ಕೊಟ್ಟಳು. ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು ಅನ್ನುತ್ತಾರಲ್ಲ. ನನಗೆ ಬುದ್ಧಿ ಬಂದದ್ದು ಆಗ. ಒಂದು ಬಾಟಲಿ. ನನ್ನ ಅಪ್ಪ, ಅರವತ್ತೆಂಟು ವರ್ಷದವನು, ನಡುಗುವ ಕೈಯಲ್ಲಿ ಅಂಗಡಿಗೆ ಹೋಗಿ, ತನ್ನನ್ನು ತಾನೇ ವಂದಿಸಿಕೊಳ್ಳಲು ಬಾಟಲಿ ಕೊಂಡು ತಂದಿದ್ದ, ನನ್ನ ಕೆಲಸ ನನ್ನ ಕೈಯಲ್ಲೇ ಉಳಿಯಲಿ ಎಂದು. ನಾನು ಸೋದರಮಾವ ಕುಡಿಯುವ ಸಾರಿನ ಲೆಕ್ಕ ಹೇಳುತ್ತಿದ್ದೆ.

ಜಿಮಾ ಎರಡೂ ಕೈಯಲ್ಲಿ ಬಾಟಲಿ ಹಿಡಿದು ಮುಂದಿಟ್ಟು ವಂದಿಸಿದ. ತಾಚಿ ಅಜ್ಜ ಮುಚ್ಚಳ ತೆಗೆದು ಅಪ್ಪನ ಹೆಸರು ಕರೆದು ನೆಲಕ್ಕೆ ನಾಲ್ಕು ಹನಿ ಬಿಟ್ಟರು. ಆಮೇಲೆ ನನ್ನ ಕಡೆ ನೋಡಿ, ಇವತ್ತಿನಿಂದ ಜಿಮಾ ನಿನಗೆ ಅಪ್ಪ, ಬಾಯ್ತುಂಬ ಹಾಗೇ ಕರೆ ಎಂದರು. ಅದೂ ನಮ್ಮ ಪದ್ಧತಿಯೇ. ಅಪ್ಪನ ಜಾಗಕ್ಕೆ ಬಂದವನು ಅಪ್ಪ, ವಯಸ್ಸು ಎಷ್ಟಾದರೂ ಇರಲಿ.

ಇದಕ್ಕೊಂದು ಚಿತ್ರ ಬೇಡವೇ ಎಂದು ಯಾರೋ ಅಂದರು. ಜಿಮಾ ದೊಡ್ಡ ಕ್ಯಾಮೆರಾವನ್ನು ಎತ್ತಿಕೊಂಡು ತಿರುಗಿಸಿ ಮುರುಗಿಸಿ ನೋಡಿದ. ಗುಂಡಿ ಒತ್ತಿದ, ಏನೂ ಆಗಲಿಲ್ಲ. ಕೊನೆಗೆ ನಾಚಿಕೊಂಡು ಅದನ್ನು ನನ್ನ ಕಡೆಗೆ ಚಾಚಿದ. ಅವನು ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ನನಗೆ ಎಷ್ಟೋ ಸುಲಭವಾಗುತ್ತಿತ್ತು.

ತೆಗೆದುಕೊಂಡೆ. ಮಬ್ಬಿಗೆ ಎಷ್ಟು ಬೇಕೋ ಅಷ್ಟಕ್ಕೆ ಚಕ್ರ ತಿರುಗಿಸಿದೆ. ಕಿಂಡಿಯಲ್ಲಿ ಕಣ್ಣಿಟ್ಟರೆ ಇಡೀ ಹಜಾರ ಬೆಳಗಿತು: ತಾಚಿ ಅಜ್ಜ, ಒದ್ದೆ ಕೆನ್ನೆಯ ಅತ್ತೆ, ನಡುವೆ ಜಿಮಾ, ಅವನ ಮುಂದೆ ನನ್ನ ಅಪ್ಪ ನನಗಾಗಿ ತಂದಿಟ್ಟ ಬಾಟಲಿ. ಒತ್ತಿದೆ. ಕ್ಯಾಮೆರಾವನ್ನು ಅವನ ಕೈಗೆ ವಾಪಸು ಕೊಟ್ಟೆ. ಹಿಂದಿನ ಪರದೆಯಲ್ಲಿ ನೋಡಿ ಜಿಮಾನ ಬಾಯಿ ತೆರೆದಹಾಗೇ ಉಳಿಯಿತು. ಇಷ್ಟು ಕತ್ತಲಿನಲ್ಲೂ ಒಬ್ಬೊಬ್ಬರ ಮುಖ ಹೇಗೆ ಕಾಣುತ್ತಿದೆ, ಬಾಟಲಿಯ ಮೇಲಿನ ಅಕ್ಷರ ಕೂಡ ಓದಬಹುದು ಎಂದು ಎಲ್ಲರಿಗೂ ತೋರಿಸಿದ. ಇಷ್ಟು ಚೆನ್ನಾಗಿ ಹೇಗೆ ತೆಗೆದೆ ಎಂದು ನನ್ನನ್ನು ಕೇಳಿದ.

"ಅದು ಹಾಗೇ ತೆಗಿಯುತ್ತೆ ಅಪ್ಪ," ಎಂದೆ. "ಯಾರ ಕೈಲಿದ್ರೂ."